ಮಸ್ಕಟ್ ದ್ರಾಕ್ಷಿಯ ಕುಲ ಮತ್ತು ಕನ್ನಡ ನಾಡು

ದ್ರಾಕ್ಷಿಯ ಬಹುಪಾಲು ತಳಿಗಳ ರಸ ಹುದುಗಿ ವೈನ್ ಆಗುವಷ್ಟರಲ್ಲಿ ಹಣ್ಣಿನ ಮೂಲ ವಾಸನೆ ಮರೆಯಾಗಿ, ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೆಲಸದಿಂದಲೂ ಪೀಪಾಯಿಯ ವಾಸದಿಂದಲೂ ಹೊಸ ಪರಿಮಳವೊಂದು ಹುಟ್ಟಿಕೊಳ್ಳುತ್ತದೆ. ಹಣ್ಣನ್ನು ಬಾಯಿಗಿಟ್ಟಾಗ ಇದ್ದ ಘಮವನ್ನೇ ವೈನಿನಲ್ಲೂ ಉಳಿಸಿಕೊಳ್ಳುವ ತಳಿಗಳು ಕೆಲವು ಮಾತ್ರ; ಅವುಗಳಲ್ಲಿ ಹಳೆಯದೂ ದೊಡ್ಡದೂ ಆದ ಗುಂಪನ್ನು ಮಸ್ಕಟ್ ಕುಲವೆಂದು ಕರೆಯುತ್ತಾರೆ. ಇನ್ನೂರಕ್ಕೂ ಹೆಚ್ಚು ತಳಿಗಳಿರುವ ಈ ಕುಲದ ಹಣ್ಣು ಹಸಿರು, ಹೊಂಬಣ್ಣ, ಗುಲಾಬಿ, ಕೆಂಪು, ಕಪ್ಪು ಯಾವುದೇ ಬಣ್ಣದ್ದಾಗಿರಬಹುದು, ಕಾಳು ಬಟಾಣಿಯಷ್ಟು ಸಣ್ಣದಿರಬಹುದು ಅಥವಾ ಹೆಬ್ಬೆರಳ ತುದಿಯಷ್ಟು ದಪ್ಪವಿರಬಹುದು. ಆದರೂ ಗುಲಾಬಿ ಹೂವಿನ ಪನ್ನೀರನ್ನು ಹೋಲುವ ಸಿಹಿಘಮ ಎಲ್ಲದಕ್ಕೂ ಸಮಾನವಾಗಿದ್ದು, ಕುಲದ ಗುರುತೂ ಅದೇ ಆಗಿದೆ. ಲಿನಲೂಲ್, ಜೆರಾನಿಯಾಲ್, ನೆರೋಲ್ ಎಂಬ ಮಾನೋಟರ್ಪೀನ್ ವರ್ಗದ ಸುಗಂಧ ದ್ರವ್ಯಗಳು ಈ ಘಮಕ್ಕೆ ಕಾರಣ. ಇವುಗಳಲ್ಲಿ ಜೆರಾನಿಯಾಲ್ ಗುಲಾಬಿಯ ಅತ್ತರಿನಲ್ಲಿಯೂ ಲಿನಲೂಲ್ ಕೊತ್ತಂಬರಿ ಬೀಜದಲ್ಲಿಯೂ ಇರುವ ದ್ರವ್ಯಗಳೇ. ಬಳ್ಳಿಯಲ್ಲಿ ಇಂಥ ದ್ರವ್ಯಗಳ ತಯಾರಿಕೆಯ ಮೊದಲ ಹಂತವನ್ನು ನಿಯಂತ್ರಿಸುವ ಡಿಎಕ್ಸ್ಎಸ್ ಎಂಬ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದು ಮಸ್ಕಟ್ ಕುಲದ ಬಹುತೇಕ ತಳಿಗಳಲ್ಲಿ ಕಂಡುಬಂದಿದೆ.

ಪರಿಮಳಕ್ಕೂ ಸಕ್ಕರೆಗೂ ಹೆಸರಾದ ಈ ಕುಲ ಮೆಡಿಟರೇನಿಯನ್ ತೀರದಿಂದ ಆಫ್ರಿಕದ ತುದಿಯವರೆಗೂ ಆಸ್ಟ್ರೇಲಿಯದವರೆಗೂ ಹರಡಿ, ಹೋದಲ್ಲೆಲ್ಲ ಸಿಹಿ ವೈನಿನ ಒಂದೊಂದು ಪರಂಪರೆಯನ್ನು ಕಟ್ಟಿತು. ಕನ್ನಡ ನಾಡಿಗೂ ಅದು ಬಂದಿತಾದರೂ ಇಲ್ಲಿ ವೈನಿನ ದ್ರಾಕ್ಷಿಯಾಗಿ ಬೇರೂರಲಿಲ್ಲ. ತಿನ್ನುವ ಹಣ್ಣಾಗಿ, ಕಡೆಗೆ ಸಂಶೋಧನಾಲಯದ ಮಿಶ್ರತಳಿಯಾಗಿ ಮಾತ್ರ ಉಳಿದು, ವೈನಿನ ಜಾಗವನ್ನು ಅಮೆರಿಕ ಮೂಲದ ಬೇರೊಂದು ಬಳ್ಳಿಗೆ ಬಿಟ್ಟುಕೊಟ್ಟಿತು. ನೆಲವೊಂದರಲ್ಲಿ ಯಾವ ತಳಿ ನಿಲ್ಲಬೇಕೆಂಬುದನ್ನು ನಾಲಗೆಯ ರುಚಿಗಿಂತ ಹೆಚ್ಚಾಗಿ ಮಳೆಯ ಕಾಲ, ರೋಗ, ನೀರಾವರಿ, ಸಂತೆ ಮತ್ತು ಸುಂಕ ತೀರ್ಮಾನಿಸುತ್ತವೆ ಎಂಬುದಕ್ಕೆ ಮೈಸೂರು ಸೀಮೆಯ ದ್ರಾಕ್ಷಿಯ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ.

ಕುಲದ ಕವಲುಗಳು

ಮಸ್ಕಟ್ ಕುಲದ ಹಿರಿಯ ತಳಿಯೆಂದರೆ ಫ್ರೆಂಚರು ಸಣ್ಣಕಾಳಿನ ಬಿಳಿ ಮಸ್ಕಟ್ ಎಂದು ಕರೆಯುವ ದ್ರಾಕ್ಷಿ. ಇಟಲಿಯ ಆಸ್ಟಿ ಸೀಮೆಯ ಹಗುರವಾದ, ಸಣ್ಣಗೆ ನೊರೆಯೇಳುವ ಮೊಸ್ಕಾಟೊ ವೈನ್, ದಕ್ಷಿಣ ಫ್ರಾನ್ಸಿನ ಫ್ರಾಂಟಿನ್ಯಾನ್ ಮತ್ತು ಬೋಮ್ ದ ವೆನೀಸ್ ಊರುಗಳ ಗಾಢ ಸಿಹಿ ವೈನ್, ಗ್ರೀಸಿನ ಸಾಮೋಸ್ ದ್ವೀಪದ ವೈನ್ ಇವೆಲ್ಲಕ್ಕೂ ಮೂಲ ಈ ತಳಿಯೇ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸೈಮನ್ ವಾನ್ ಡರ್ ಸ್ಟೆಲ್ 1685ರಲ್ಲಿ ಕೇಪ್ ಟೌನಿನ ಬಳಿ ನೆಲೆಗೊಳಿಸಿದ ಕಾನ್‌ಸ್ಟಾನ್ಷಿಯಾ ತೋಟವು ಮುಂದೆ ಯುರೋಪಿನ ಅರಮನೆಗಳಿಗೆ ಕಳಿಸಿದ ಸಿಹಿ ವೈನಿಗೂ ಇದೇ ದ್ರಾಕ್ಷಿ ಬಳಕೆಯಾಗುತ್ತಿತ್ತು. ಸೇಂಟ್ ಹೆಲೆನಾ ದ್ವೀಪದ ಸೆರೆವಾಸದಲ್ಲಿ ನೆಪೋಲಿಯನ್ನನಿಗೆ ಒದಗುತ್ತಿದ್ದ ವೈನುಗಳಲ್ಲಿ ಅದೂ ಒಂದಾಗಿತ್ತು.

ಎರಡನೆಯ ಕವಲು ಅಲೆಕ್ಸಾಂಡ್ರಿಯಾದ ಮಸ್ಕಟ್. ಇದರ ಕಾಳು ದೊಡ್ಡದು, ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಒಣಗಿಸಿದರೆ ಬೀಜವುಳ್ಳ ದಪ್ಪ ಒಣದ್ರಾಕ್ಷಿಯಾಗುತ್ತದೆ. ಸ್ಪೇನಿನ ಮಾಲಗಾದ ಒಣದ್ರಾಕ್ಷಿ ಹೆಸರು ಪಡೆದದ್ದು ಈ ತಳಿಯಿಂದ. ಈ ಶತಮಾನದ ಡಿಎನ್ಎ ಅಧ್ಯಯನಗಳು ಇದನ್ನು ಸಣ್ಣಕಾಳಿನ ಬಿಳಿ ಮಸ್ಕಟ್ಟಿಗೂ ಮೆಡಿಟರೇನಿಯನ್ ದ್ವೀಪಗಳ ಕಪ್ಪು ದ್ರಾಕ್ಷಿಯೊಂದಕ್ಕೂ ಹುಟ್ಟಿದ ಸಂತಾನವೆಂದು ತೋರಿಸಿವೆ. ಮೂರನೆಯದು 19ನೆಯ ಶತಮಾನದ ನಡುವೆ ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಬೆಳೆದು ಬಂದ ಹ್ಯಾಂಬರ್ಗ್ ಮಸ್ಕಟ್. ಅಲೆಕ್ಸಾಂಡ್ರಿಯಾದ ಮಸ್ಕಟ್ ಮತ್ತು ಮಧ್ಯ ಯುರೋಪಿನ ದೊಡ್ಡಕಾಳಿನ ಕಪ್ಪು ದ್ರಾಕ್ಷಿ ಇವೆರಡರ ಮಿಶ್ರಣವಾದ ಈ ತಳಿ ಕಪ್ಪು ಬಣ್ಣ, ತೆಳು ಸಿಪ್ಪೆ ಮತ್ತು ಗಾಢವಾದ ಗುಲಾಬಿ ಘಮದಿಂದ ತಿನ್ನುವ ಹಣ್ಣಾಗಿ ಬೇಗ ಜನಪ್ರಿಯವಾಯಿತು. ಭಾರತದ ಸಂತೆಗಳಲ್ಲಿ ‘ಗುಲಾಬಿ’ ಎಂದೂ ತಮಿಳು ಸೀಮೆಯಲ್ಲಿಯೂ ಬೆಂಗಳೂರಿನ ಹಣ್ಣಿನ ಅಂಗಡಿಗಳಲ್ಲಿಯೂ ‘ಪನ್ನೀರ್ ದ್ರಾಕ್ಷಿ’ ಎಂದೂ ಮಾರಾಟವಾಗುವುದು ಇದೇ. 1852ರಲ್ಲಿ ಫ್ರಾನ್ಸಿನಲ್ಲಿ ತಯಾರಾಗಿ ಚಳಿನಾಡುಗಳಲ್ಲಿ ನೆಲೆಸಿದ ಒಟ್ಟೊನೆಲ್ ಮಸ್ಕಟ್ಟೂ ಹ್ಯಾಂಬರ್ಗ್ ಮಸ್ಕಟ್ಟಿನಿಂದ 1911ರಲ್ಲಿ ಹುಟ್ಟಿದ ‘ಇಟಾಲಿಯಾ’ ಎಂಬ ತಿನ್ನುವ ದ್ರಾಕ್ಷಿಯೂ ಈ ವಂಶವೃಕ್ಷದ ಮುಂದಿನ ಟೊಂಗೆಗಳು.

ಹುದುಗುವಿಕೆಯೆಂದರೆ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವಾಗಿಸುವ ಕ್ರಿಯೆಯಾದುದರಿಂದ, ವೈನಿನಲ್ಲಿ ಸಿಹಿ ಉಳಿಯಬೇಕಾದರೆ ಆ ಕ್ರಿಯೆ ಪೂರ್ತಿಯಾಗುವ ಮೊದಲೇ ನಿಲ್ಲಬೇಕು. ಅದಕ್ಕೆ ಮೂರು ಹಾದಿಗಳು ರೂಢಿಯಲ್ಲಿವೆ. ಹಣ್ಣನ್ನು ಬಿಸಿಲಿಗೆ ಬಾಡಿಸಿ, ಯೀಸ್ಟ್ ತಿಂದು ಮುಗಿಸಲಾರದಷ್ಟು ಸಕ್ಕರೆ ಕೂಡುವಂತೆ ಮಾಡುವುದು ಮೊದಲನೆಯದು. ಅರ್ಧ ಹುದುಗಿದ ರಸಕ್ಕೆ ಬಟ್ಟಿಯಿಳಿಸಿದ ಮದ್ಯಸಾರವನ್ನು ಸೇರಿಸಿ ಯೀಸ್ಟನ್ನು ಕೊಲ್ಲುವುದು ಎರಡನೆಯದು. ಈ ಉಪಾಯವನ್ನು 13ನೆಯ ಶತಮಾನದ ಕೊನೆಯಲ್ಲಿ ಮಾಂಪೆಲಿಯೇ ನಗರದ ವೈದ್ಯ ಅರ್ನಾ ದ ವಿಲ್‌ನವ್‌ನ ಹೆಸರಿಗೆ ಸಲ್ಲಿಸುವುದು ವಾಡಿಕೆ. ರಸವನ್ನು ತಣ್ಣಗೆ ಮಾಡಿ ಸೋಸಿ ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸುವುದು ಮೂರನೆಯದು. ಆಸ್ಟಿಯ ಮೊಸ್ಕಾಟೊದಲ್ಲಿ ಮದ್ಯಸಾರ ಶೇಕಡ 5ರ ಆಸುಪಾಸಿನಲ್ಲಿ ನಿಲ್ಲುವುದೂ ಬೋಮ್ ದ ವೆನೀಸಿನ ವೈನಿನಲ್ಲಿ ಅದು ಶೇಕಡ 15ನ್ನು ಮುಟ್ಟುವುದೂ ಈ ಹಾದಿಗಳ ಭೇದದಿಂದಲೇ.

ಮೃದ್ವೀಕೆಯಿಂದ ವಿಜಯನಗರದ ಬೀದಿಯವರೆಗೆ

ಭಾರತದ ಹಳೆಯ ಗ್ರಂಥಗಳಿಗೆ ದ್ರಾಕ್ಷಿ ವಾಯವ್ಯದ ಹಣ್ಣು. ಈಗಿನ ಕಾಬೂಲಿನ ಉತ್ತರಕ್ಕಿದ್ದ ಕಾಪಿಶಿಯಿಂದ ಬರುವ ವಸ್ತುವಿಗೆ ‘ಕಾಪಿಶಾಯನ’ ಎಂಬ ರೂಪ ಸಿದ್ಧಿಸಲೆಂದು ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ, ಎಂದರೆ ಮದ್ಯದ ಮೇಲ್ವಿಚಾರಕನ, ಕರ್ತವ್ಯಗಳನ್ನು ಹೇಳುವ ಅಧ್ಯಾಯವು ದ್ರಾಕ್ಷಿರಸದ ಮದ್ಯವನ್ನು ‘ಮಧು’ ಎಂದು ಕರೆದು, ಹುಟ್ಟಿದ ದೇಶಕ್ಕೆ ತಕ್ಕಂತೆ ಅದು ಕಾಪಿಶಾಯನ, ಹಾರಹೂರಕ ಎಂಬ ಹೆಸರು ಪಡೆಯುತ್ತದೆ ಎನ್ನುತ್ತದೆ. ಚರಕಸಂಹಿತೆ ಹಣ್ಣುಗಳಲ್ಲಿ ಮೃದ್ವೀಕೆಯನ್ನು, ಎಂದರೆ ದ್ರಾಕ್ಷಿಯನ್ನು, ಶ್ರೇಷ್ಠವೆಂದು ಎಣಿಸುತ್ತದೆ. ಮೂರೂ ಗ್ರಂಥಗಳಲ್ಲಿ ದ್ರಾಕ್ಷಿಗೆ ಗೌರವದ ಸ್ಥಾನವಿದ್ದರೂ ಅದು ದೂರದಿಂದ ಬರುವ ವಸ್ತುವಿಗೆ ಸಲ್ಲುವ ಗೌರವ.

ದಖ್ಖನಿನಲ್ಲಿ ಬಳ್ಳಿಯೇ ಬೇರೂರಿದ್ದಕ್ಕೆ ಪ್ರವಾಸಿಗರ ಬರಹಗಳು ಸಾಕ್ಷಿಯಾಗಿವೆ. 14ನೆಯ ಶತಮಾನದಲ್ಲಿ ದೌಲತಾಬಾದನ್ನು ಕಂಡ ಇಬ್ನ್ ಬತೂತಾ ಅಲ್ಲಿನ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತವೆ ಎಂದು ಬರೆದನು. ಚಳಿಗಾಲದಲ್ಲಿ ಬಳ್ಳಿ ನಿದ್ರಿಸುವ ನಾಡುಗಳಲ್ಲಿ ಕಾಣದ ಈ ಸಂಗತಿ ಇಂದಿಗೂ ದಕ್ಷಿಣದ ದ್ರಾಕ್ಷಿ ಬೇಸಾಯದ ಮುಖ್ಯ ಲಕ್ಷಣ. 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯ ಧಾರಣೆಗಳನ್ನು ಹೇಳುತ್ತ, ಒಂದು ಪಣಕ್ಕೆ ದ್ರಾಕ್ಷಿಯ ಮೂರು ಗೊಂಚಲೂ ಹತ್ತು ದಾಳಿಂಬೆಗಳೂ ದೊರೆಯುತ್ತಿದ್ದವೆಂದು ದಾಖಲಿಸಿದ್ದಾನೆ. ಪಣವೆಂದರೆ ಚಿಕ್ಕದಾದರೂ ಚಿನ್ನದ ನಾಣ್ಯ. ತುಂಗಭದ್ರೆಯ ದಡದ ಆ ರಾಜಧಾನಿಯಲ್ಲಿ ದ್ರಾಕ್ಷಿ ಪೇಟೆಗೆ ಬರುವಷ್ಟು ಇತ್ತು, ಆದರೆ ಬಡವರ ಹಣ್ಣಾಗಿರಲಿಲ್ಲ ಎಂಬ ಎರಡೂ ಮಾತು ಈ ಧಾರಣೆಯಿಂದ ಹೊರಡುತ್ತವೆ.

ಕಾವ್ಯಮೀಮಾಂಸೆಯೂ ದ್ರಾಕ್ಷಿಯನ್ನು ಬಲ್ಲದು. 14ನೆಯ ಶತಮಾನದ ಆರಂಭದಲ್ಲಿ ಓರುಗಲ್ಲಿನ ಕಾಕತೀಯರ ಆಶ್ರಯದಲ್ಲಿದ್ದ ವಿದ್ಯಾನಾಥನು, ಓದಿದೊಡನೆ ರಸ ಕೊಡುವ ಕಾವ್ಯವನ್ನು ದ್ರಾಕ್ಷಾಪಾಕವೆಂದೂ ಒಡೆದ ಮೇಲಷ್ಟೇ ರಸ ಸಿಗುವುದನ್ನು ನಾರಿಕೇಳಪಾಕವೆಂದೂ ವಿಂಗಡಿಸಿದನು. ಇವೆರಡರ ನಡುವೆ ಕದಳೀಪಾಕವನ್ನು ಸೇರಿಸಿ ಹೇಳುವುದು ಕನ್ನಡದ ಪಂಡಿತ ಪರಂಪರೆಗೂ ಪರಿಚಿತ. ತೆಂಗು ಮತ್ತು ಬಾಳೆ ಕಾವೇರಿ ಬಯಲಿನ ಪ್ರತಿ ಹಿತ್ತಿಲಲ್ಲಿಯೂ ಇದ್ದವು, ದ್ರಾಕ್ಷಿಯಾದರೋ ಅಂಗಡಿಯಿಂದ ಬರಬೇಕಾಗಿತ್ತು.

ಸೋಮನಾಥಪುರದ ಬಯಲಿನಲ್ಲಿ ಬಳ್ಳಿ ನಿಲ್ಲದ ಕಾರಣ

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಾವೇರಿಯ ಎಡದಂಡೆಯಲ್ಲಿ ತನ್ನ ಹೆಸರಿನ ಅಗ್ರಹಾರವನ್ನು ಸ್ಥಾಪಿಸಿ, 1268ರಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದನು. ಆ ದೇವಾಲಯದ ಹೊರಗೋಡೆಯ ತಳಭಾಗದಲ್ಲಿ ಆನೆ ಮತ್ತು ಕುದುರೆ ಸವಾರರ ಸಾಲುಗಳ ಮೇಲೆ ಸುರುಳಿ ಸುರುಳಿಯಾಗಿ ಬಳುಕುವ ಬಳ್ಳಿಯ ಪಟ್ಟಿಕೆಯಿದೆ. ಅದರಲ್ಲಿ ದ್ರಾಕ್ಷಿಬಳ್ಳಿಯನ್ನು ಗುರುತಿಸುವ ಆಸೆ ನೋಡುಗರಿಗೆ ಹುಟ್ಟಬಹುದಾದರೂ ಹೊಯ್ಸಳ ಶಿಲ್ಪಿಯ ಲತೆ ಸಂಪ್ರದಾಯಬದ್ಧವಾದ ಅಲಂಕಾರವೇ ಹೊರತು ಊರಿನ ಬೆಳೆಯ ದಾಖಲೆಯಲ್ಲ. ಬೆಳೆಯ ವಿಷಯವನ್ನು ತಿಳಿಯಬೇಕಾದರೆ ನೀರಿನ ಚರಿತ್ರೆಯನ್ನು ನೋಡಬೇಕಾಗುತ್ತದೆ.

ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟಿನಂಥ ಹಳೆಯ ಕಟ್ಟೆಗಳೂ, 20ನೆಯ ಶತಮಾನದಲ್ಲಿ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಹೊರಟ ನಾಲೆಗಳೂ ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ಸೀಮೆಯನ್ನು ಭತ್ತ, ಕಬ್ಬು, ಬಾಳೆ, ತೆಂಗಿನ ನಾಡನ್ನಾಗಿ ಮಾಡಿದವು. ದ್ರಾಕ್ಷಿಯ ಬೇರಿಗೆ ನಿಂತ ನೀರು ಒಗ್ಗದು. ನೀರು ಬಸಿದು ಹೋಗುವ ಮರಳುಮಿಶ್ರಿತ ಕೆಂಪು ನೆಲ ಅದಕ್ಕೆ ಬೇಕು. ಹೂ ಬಿಡುವ ಕಾಲದಲ್ಲಿ ಮಳೆ ಬಿದ್ದರೆ ಎಲೆಯ ತಳದಲ್ಲಿ ಬಿಳಿ ಬೂಜು ಕಟ್ಟುವ ಡೌನಿ ರೋಗ ಇಡೀ ಗೊಂಚಲನ್ನೇ ಕೊಲ್ಲಬಲ್ಲದು, ತೇವದ ಗಾಳಿಯಲ್ಲಿ ಕಾಳುಗಳ ಮೇಲೆ ಕಪ್ಪು ಕುಳಿ ಬೀಳಿಸುವ ಚಿಬ್ಬು ರೋಗ ಹಬ್ಬುತ್ತದೆ. ಮೈಸೂರು ಬಯಲಿಗೆ ಬೇಸಿಗೆಯ ಕೊನೆಯಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಮಳೆ ಬೀಳುವುದರಿಂದ, ತೆಳು ಸಿಪ್ಪೆಯ ಸುಕುಮಾರ ತಳಿಗಳಿಗೆ ನಾಲೆಯ ಬಯಲು ಹೊಂದುವ ಜಾಗವಾಗಿರಲಿಲ್ಲ. ರೈತನ ಲೆಕ್ಕದಲ್ಲಿಯೂ ಖಚಿತ ಆದಾಯದ ಕಬ್ಬು, ಬಾಳೆಗಳನ್ನು ಬಿಟ್ಟು ಚಪ್ಪರ, ತಂತಿ, ಔಷಧಿಗಳ ಖರ್ಚಿನ ದ್ರಾಕ್ಷಿಗೆ ಹೋಗಲು ಕಾರಣವಿರಲಿಲ್ಲ. ಈ ಸೀಮೆ ತನ್ನ ಸಿಹಿಹಣ್ಣನ್ನು ಬಾಳೆಯಲ್ಲೇ ಕಂಡುಕೊಂಡಿತು: 2005–06ರಲ್ಲಿ ಭೌಗೋಳಿಕ ಸೂಚಿಕೆ, ಎಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಪಡೆದ ನಂಜನಗೂಡು ರಸಬಾಳೆ ಆ ಹಣ್ಣು. ಪನಾಮಾ ಸೊರಗು ರೋಗದಿಂದ ಅದರ ತೋಟಗಳು ಸವೆದು ಹೋದ ಬಗೆಯು, ಹೆಸರುವಾಸಿ ತಳಿಯೂ ಒಂದು ಶಿಲೀಂಧ್ರದ ಮುಂದೆ ಎಷ್ಟು ನಿರಾಧಾರವಾಗಬಲ್ಲದೆಂಬುದನ್ನು ತೋರಿಸುತ್ತದೆ.

ಕುಡಿಯುವ ವಿಷಯದಲ್ಲಿಯೂ ಬಯಲಿಗೆ ತನ್ನದೇ ಸಾಮಗ್ರಿಯಿತ್ತು. ಈಚಲ ಮರದಿಂದ ಇಳಿಸಿದ ಹೆಂಡ ಹಳ್ಳಿಗಳ ಪಾನೀಯವಾಗಿತ್ತು. ಹೆಂಡ ಮತ್ತು ಸಾರಾಯಿಯ ಗುತ್ತಿಗೆಯಿಂದ ಬರುವ ಅಬಕಾರಿ ಹಣ ಮೈಸೂರು ಸಂಸ್ಥಾನದ ಮುಖ್ಯ ಆದಾಯಗಳಲ್ಲೊಂದಾಗಿತ್ತು. ಹೀಗಾಗಿ ದ್ರಾಕ್ಷಿಯ ಮದ್ಯಕ್ಕೆ ಇಲ್ಲಿ ಬೆಳೆಯುವವರೂ ಇರಲಿಲ್ಲ, ಕಾಯುವವರೂ ಇರಲಿಲ್ಲ.

ನಂಜನಗೂಡಿನ ಔಷಧಶಾಲೆ ಮತ್ತು ದ್ರಾಕ್ಷಾರಿಷ್ಟ

ಆದರೂ ಹುದುಗಿದ ದ್ರಾಕ್ಷಿಯ ಸಿಹಿದ್ರವವೊಂದು ಈ ಸೀಮೆಯ ಮನೆಮನೆಗೂ ಪರಿಚಿತವಾಗಿತ್ತು, ಅದರ ಬಾಗಿಲು ಮಾತ್ರ ಹೆಂಡದಂಗಡಿಯದಾಗಿರದೆ ಔಷಧದಂಗಡಿಯದಾಗಿತ್ತು. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿನ ಹಲ್ಲುಪುಡಿ ಊರಿನ ಹೆಸರನ್ನು ನಾಡಿಗೆಲ್ಲ ಒಯ್ದಿತು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಆರಂಭವಾಗಿದ್ದ ಕಾಲ ಅದು. ಮನೆಯ ಪಂಡಿತರು ಅರೆದು, ಕಾಯಿಸಿ ಕೊಡುತ್ತಿದ್ದ ಶಾಸ್ತ್ರೀಯ ಔಷಧಗಳು ಔಷಧಶಾಲೆಗಳಲ್ಲಿ ತಯಾರಾಗಿ ಬಾಟಲಿಯಲ್ಲಿ ಮಾರಾಟಕ್ಕೆ ಬರತೊಡಗಿದ್ದವು. ಇಂಥ ಔಷಧಶಾಲೆಗಳು ಸಾಮಾನ್ಯವಾಗಿ ತಯಾರಿಸುವ ಆಸವಾರಿಷ್ಟಗಳಲ್ಲಿ ದ್ರಾಕ್ಷಾಸವ ಮತ್ತು ದ್ರಾಕ್ಷಾರಿಷ್ಟಗಳಿಗೆ ಮುಖ್ಯ ಸ್ಥಾನವಿದೆ. ಮೂಲಿಕೆಗಳನ್ನು ಕಾಯಿಸದೆ ನೀರಿನಲ್ಲಿ ಹುದುಗಿಸಿದ್ದು ಆಸವ, ಮೊದಲು ಕಷಾಯ ಮಾಡಿ ಬಳಿಕ ಹುದುಗಿಸಿದ್ದು ಅರಿಷ್ಟ ಎಂಬುದು ಸಾಮಾನ್ಯವಾಗಿ ಹೇಳುವ ಭೇದ.

13–14ನೆಯ ಶತಮಾನಗಳ ಕೃತಿಯೆಂದು ಎಣಿಸಲಾಗುವ, ಎಂದರೆ ಹೆಚ್ಚುಕಡಿಮೆ ಸೋಮನಾಥಪುರದ ದೇವಾಲಯದ ಕಾಲಕ್ಕೆ ಸೇರುವ, ಶಾರ್ಙ್ಗಧರಸಂಹಿತೆಯಲ್ಲಿ ದ್ರಾಕ್ಷಾರಿಷ್ಟದ ವಿಧಾನವಿದೆ. ಒಣದ್ರಾಕ್ಷಿಯನ್ನು ಜಜ್ಜಿ ನೀರಿನಲ್ಲಿ ಕುದಿಸಿ, ದ್ರವ ಕಾಲು ಭಾಗಕ್ಕೆ ಇಳಿದ ಮೇಲೆ ಸೋಸಿ ಆರಿಸುತ್ತಾರೆ; ಆರಿದ ಕಷಾಯಕ್ಕೆ ದ್ರಾಕ್ಷಿಯ ತೂಕದ ಹಲವು ಪಟ್ಟು ಬೆಲ್ಲವನ್ನು ಕರಗಿಸಿ, ದಾಲ್ಚಿನ್ನಿ, ಏಲಕ್ಕಿ, ಪತ್ರೆ, ನಾಗಕೇಸರ, ಪ್ರಿಯಂಗು, ಮೆಣಸು, ಹಿಪ್ಪಲಿ, ವಾಯುವಿಡಂಗಗಳ ಪುಡಿಯನ್ನು ಸೇರಿಸುತ್ತಾರೆ; ರೂಢಿಯಲ್ಲಿ ಧಾತಕಿಯ ಒಣಹೂವನ್ನೂ ಹಾಕಿ, ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು ಮಣ್ಣು ಮೆತ್ತಿ ವಾರಗಟ್ಟಲೆ ಇಡುತ್ತಾರೆ. ಧಾತಕಿಯ ಹೂವಿನ ಮಕರಂದದಲ್ಲಿ ಯೀಸ್ಟ್ ಇರುವುದರಿಂದ ಹುದುಗು ಬೇಗ ಏಳುತ್ತದೆ, ಒಳಗಿನ ಗುಳುಗುಳು ಸದ್ದು ನಿಂತಾಗ ಅರಿಷ್ಟ ಸಿದ್ಧವಾಯಿತೆಂದು ತಿಳಿಯುತ್ತಾರೆ. ಕೆಮ್ಮು, ಉಬ್ಬಸ, ಕ್ಷಯ ಮತ್ತು ನಿಶ್ಶಕ್ತಿಗಳಿಗೆ ಇದನ್ನು ವಿಧಿಸುವುದು ಸಂಪ್ರದಾಯ.

ಈ ವಿಧಾನವನ್ನು ಮೆಡಿಟರೇನಿಯನ್ನಿನ ಸಿಹಿ ವೈನಿನ ಪಕ್ಕದಲ್ಲಿಟ್ಟು ನೋಡಿದರೆ ತತ್ತ್ವ ಒಂದೇ ಎಂಬುದು ಸ್ಪಷ್ಟವಾಗುತ್ತದೆ: ಯೀಸ್ಟ್ ತಿಂದು ತೀರಿಸಲಾರದಷ್ಟು ಸಕ್ಕರೆಯನ್ನು ಒದಗಿಸಿ ಸಿಹಿಯನ್ನು ಉಳಿಸಿಕೊಳ್ಳುವುದು. ಮೂಲದ್ರವ್ಯದಲ್ಲಿ ಮಾತ್ರ ವ್ಯತ್ಯಾಸವಿದೆ. ಅಲ್ಲಿ ಸಕ್ಕರೆಯೂ ಘಮವೂ ಒಂದೇ ಬಳ್ಳಿಯಿಂದ ಬರುತ್ತವೆ. ನಂಜನಗೂಡಿನ ಸೀಮೆಯಲ್ಲಾದರೆ ಒಣದ್ರಾಕ್ಷಿ ದೂರದಿಂದ ಬಂದ ಸರಕು, ಹುದುಗಿಗೆ ಬೇಕಾದ ಸಿಹಿಯ ದೊಡ್ಡ ಪಾಲು ನಾಲೆಯ ಬಯಲಿನ ಕಬ್ಬಿನ ಆಲೆಮನೆಯಲ್ಲಿ ಎರೆದ ಬೆಲ್ಲದ್ದು, ಘಮ ಏಲಕ್ಕಿ–ದಾಲ್ಚಿನ್ನಿಗಳದ್ದು. ಸರ್ಕಾರವೂ ಈ ದ್ರವವನ್ನು ಮದ್ಯದಿಂದ ಬೇರೆಯಾಗಿಯೇ ಕಂಡಿದೆ. 1955ರ ಔಷಧೀಯ ಮತ್ತು ಪ್ರಸಾಧನ ತಯಾರಿಕೆಗಳ ಅಬಕಾರಿ ಸುಂಕ ಕಾಯಿದೆಯು, ತಾನಾಗಿಯೇ ಹುಟ್ಟಿದ ಮದ್ಯಸಾರವಿದ್ದು ಸಾಮಾನ್ಯ ಮದ್ಯದಂತೆ ಕುಡಿಯಲು ಬಾರದ ಆಯುರ್ವೇದ ಔಷಧಗಳನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸಿತು. ಸಾರಾಯಿಯ ಹತ್ತಿರವೂ ಸುಳಿಯದ ಮನೆಗಳಲ್ಲಿ ಬಾಣಂತಿಗೂ ವೃದ್ಧರಿಗೂ ಎರಡು ಚಮಚ ದ್ರಾಕ್ಷಾರಿಷ್ಟವನ್ನು ಕೊಡುವುದು ನಿಸ್ಸಂಕೋಚವಾಗಿ ನಡೆದು ಬಂದದ್ದು ಔಷಧವೆಂಬ ಈ ಎಣಿಕೆಯಿಂದಲೇ.

ಬೆಂಗಳೂರಿನ ಚಪ್ಪರ

ಮೈಸೂರು ಸೀಮೆಯ ಬಯಲು ಒಲ್ಲದ ಬಳ್ಳಿಗೆ ಪೂರ್ವದ ಎತ್ತರದ ಬಯಲುಸೀಮೆ ಜಾಗ ಕೊಟ್ಟಿತು. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಮೈಸೂರು ರಾಜ್ಯದ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿ, ಅಲ್ಲಿನ ಹವೆಯಲ್ಲಿ ಸೈಪ್ರೆಸ್ ಮರವೂ ದ್ರಾಕ್ಷಿಬಳ್ಳಿಯೂ ಹುಲುಸಾಗಿ ಬೆಳೆಯುತ್ತವೆ ಎಂದು ಬರೆದನು. ಗುಡ್‌ಹೋಪ್ ಭೂಶಿರದಿಂದ ತಂದ ಪೈನ್ ಮತ್ತು ಓಕ್ ಸಸಿಗಳನ್ನೂ ಅವನು ಅಲ್ಲಿ ಕಂಡನು. ಅರಸರ ತೋಟದಲ್ಲಿ ಕುತೂಹಲದ ಗಿಡವಾಗಿದ್ದ ದ್ರಾಕ್ಷಿ ರೈತರ ಬೆಳೆಯಾದದ್ದು ದಂಡು ಪ್ರದೇಶದ ಬಿಳಿಯರ ಮತ್ತು ಕ್ರೈಸ್ತರ ಕೊಳ್ಳುವಿಕೆಯಿಂದ ಹಣ್ಣಿಗೆ ಖಚಿತವಾದ ಸಂತೆ ಸಿಕ್ಕಿದ ಮೇಲೆ.

ಹೀಗೆ ನೆಲೆಯಾದ ತಳಿ ಬೆಂಗಳೂರು ಬ್ಲೂ. ಸುಮಾರು ಒಂದೂವರೆ ಶತಮಾನದಿಂದ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುತ್ತಿರುವ, 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ದ್ರಾಕ್ಷಿ ಮಸ್ಕಟ್ ಕುಲಕ್ಕೆ ಸೇರಿದ್ದಲ್ಲ. ತಳಿಶಾಸ್ತ್ರಜ್ಞರು ಇದನ್ನು ಉತ್ತರ ಅಮೆರಿಕದ ಕಾಡುದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ ‘ಇಸಾಬೆಲ್ಲಾ’ ತಳಿಯೊಡನೆ ಗುರುತಿಸುತ್ತಾರೆ. 1816ರ ಸುಮಾರಿಗೆ ನ್ಯೂಯಾರ್ಕ್ ಬಳಿಯ ಸಸ್ಯಪಾಲಕ ವಿಲಿಯಂ ಪ್ರಿನ್ಸ್, ಇಸಾಬೆಲ್ಲಾ ಗಿಬ್ಸ್ ಎಂಬಾಕೆಯ ತೋಟದಿಂದ ಪಡೆದು ಪ್ರಚುರಪಡಿಸಿದ ತಳಿ ಅದು. ಇದರ ಘಮವೂ ಗಾಢವಾದದ್ದೇ, ಆದರೆ ಗುಲಾಬಿಯದ್ದಲ್ಲ. ಮೀಥೈಲ್ ಆಂಥ್ರನಿಲೇಟ್ ಎಂಬ ದ್ರವ್ಯದಿಂದ ಬರುವ ಆ ಕಾಡುವಾಸನೆಯನ್ನು ಯುರೋಪಿನ ವೈನ್ ರಸಿಕರು ದೋಷವೆಂದೇ ಬಗೆದರು, 1934ರಲ್ಲಿ ಫ್ರಾನ್ಸ್ ನಿಷೇಧಿಸಿದ ಆರು ಅಮೆರಿಕನ್ ಮೂಲದ ತಳಿಗಳಲ್ಲಿ ಇಸಾಬೆಲ್ಲಾ ಕೂಡ ಒಂದಾಗಿತ್ತು.

ಫ್ರಾನ್ಸ್ ಹೊರಹಾಕಿದ ಬಳ್ಳಿ ಬೆಂಗಳೂರಿನ ಸುತ್ತ ತಳವೂರಿದ್ದಕ್ಕೆ ಅದರ ಗಟ್ಟಿತನವೇ ಕಾರಣ. ದಪ್ಪ ಸಿಪ್ಪೆಯ ಕಾಳು ಸಾಗಣೆಗೆ ತಾಳುತ್ತದೆ, ಚಿಬ್ಬು ರೋಗ ಅದನ್ನು ಸುಲಭವಾಗಿ ಹತ್ತದು, ತುಕ್ಕು ರೋಗದ ಕಾಟ ಮಾತ್ರ ಉಂಟು. ನೆಲದಲ್ಲಿಯೇ ಸಿಗುವ ಬೆಣಚುಕಲ್ಲಿನ ಕಂಬಗಳನ್ನು ಸಾಲಾಗಿ ನೆಟ್ಟು, ಆಳೆತ್ತರದಲ್ಲಿ ತಂತಿಯ ಜಾಲ ಬಿಗಿದು, ಬಳ್ಳಿಯನ್ನು ಅದರ ಮೇಲೆ ಹಬ್ಬಿಸುವ ಚಪ್ಪರ ಪದ್ಧತಿ ಈ ಸೀಮೆಯದು. ಎಲೆಯ ಹೊದಿಕೆಯ ಕೆಳಗೆ ಗೊಂಚಲುಗಳು ನೆರಳಿನಲ್ಲಿ ಇಳಿಬಿದ್ದು ಬಿರುಬಿಸಿಲಿನಿಂದ ಪಾರಾಗುತ್ತವೆ. ಬಳ್ಳಿ ಇಲ್ಲಿ ಚಳಿನಿದ್ದೆಗೆ ಹೋಗದ ಕಾರಣ ಅದರ ವರ್ಷವನ್ನು ರೈತನ ಕತ್ತರಿಯೇ ಗೊತ್ತುಮಾಡುತ್ತದೆ. ವಿಜಯಪುರದ ಕಡೆ ‘ಚಾಟನಿ’ ಎನ್ನುವ ಈ ಸವರುವಿಕೆಯನ್ನು ಏಪ್ರಿಲಿನಲ್ಲಿ ಮುಂದಿನ ಫಸಲಿನ ಕಡ್ಡಿ ಬಲಿಯಲೆಂದೂ ಅಕ್ಟೋಬರಿನಲ್ಲಿ ಹೂ ಬರಲೆಂದೂ ಮಾಡುತ್ತಾರೆ. ಬೆಂಗಳೂರು ಬ್ಲೂ ಆದರೋ ಎರಡೂ ಸವರಿಕೆಗೆ ಫಲ ಕೊಟ್ಟು ವರ್ಷಕ್ಕೆ ಎರಡು ಫಸಲನ್ನು ತರುತ್ತದೆ. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ದೆ ಪ್ರಚಾರಕ್ಕೆ ತಂದ ಮೈಲುತುತ್ತ–ಸುಣ್ಣದ ಬೋರ್ಡೊ ದ್ರಾವಣ ಮಳೆಗಾಲದ ರೋಗಗಳಿಗೆ ಮದ್ದಾದ ಮೇಲೆ ಬೇಸಾಯ ಇನ್ನಷ್ಟು ನೆಮ್ಮದಿಯಾಯಿತು. ಕ್ರಿಸ್‌ಮಸ್ಸಿಗೆ ಮುನ್ನ ಬೆಂಗಳೂರಿನ ಆಂಗ್ಲೋ–ಇಂಡಿಯನ್ ಮತ್ತು ಇತರ ಕ್ರೈಸ್ತ ಮನೆಗಳಲ್ಲಿ ಸಕ್ಕರೆ, ಲವಂಗ, ದಾಲ್ಚಿನ್ನಿ ಬೆರೆಸಿ ಭರಣಿಯಲ್ಲಿ ಹುದುಗಿಸುವ ಸಿಹಿ ವೈನಿಗೆ ಈ ಕಪ್ಪು ದ್ರಾಕ್ಷಿಯೇ ರೂಢಿಯ ಹಣ್ಣು. ಹಣ್ಣಿನ ಹುಳಿಯನ್ನು ಮುಚ್ಚುವಷ್ಟು ಸಕ್ಕರೆ ಸುರಿಯುವ ಆ ವಿಧಾನ ಮಸ್ಕಟ್ ವೈನಿನದಕ್ಕಿಂತ ದ್ರಾಕ್ಷಾರಿಷ್ಟದ ವಿಧಾನಕ್ಕೆ ಹತ್ತಿರವಾಗಿದೆ.

ಗುಲಾಬಿಯ ಘಮ, ಹೆಸರಘಟ್ಟದ ಸಂಕರ

ಮಸ್ಕಟ್ ಕುಲದ ನಿಜವಾದ ಪ್ರತಿನಿಧಿಯಾದ ಗುಲಾಬಿ ದ್ರಾಕ್ಷಿ ದಕ್ಷಿಣದಲ್ಲಿ ಮುಖ್ಯವಾಗಿ ನೆಲೆಗೊಂಡದ್ದು ತಮಿಳುನಾಡಿನ ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ. ಪಶ್ಚಿಮಘಟ್ಟದ ಮಳೆನೆರಳಿನ ಆ ಕಣಿವೆಯಲ್ಲಿ ವರ್ಷದ ಬಹುಪಾಲು ಕೊಯ್ಲು ನಡೆಯುತ್ತದೆ. ಅಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಬಳ್ಳಿಯನ್ನು ತಂದರೆಂಬುದು ಅಲ್ಲಿ ಪ್ರಚಲಿತವಾದ ಕಥನ. ಹ್ಯಾಂಬರ್ಗ್ ಮಸ್ಕಟ್ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದದ್ದು 1850ರ ಆಸುಪಾಸಿನಲ್ಲಿ ಎಂಬುದನ್ನು ನೆನೆದರೆ, ಪಾದ್ರಿಯ ಬಳ್ಳಿ ಬೇರೆ ತಳಿಯದಾಗಿದ್ದು ಈಗಿನದು ಬಳಿಕ ಬಂದಿರಬೇಕು, ಇಲ್ಲವೇ ಇಸವಿಯೇ ಮುಂದಿನದಾಗಿರಬೇಕು ಎಂದು ಊಹಿಸಬೇಕಾಗುತ್ತದೆ. ಬೆಂಗಳೂರಿನ ಗಾಡಿಗಳಲ್ಲಿ ಗುಲಾಬಿಯೂ ಬೆಂಗಳೂರು ಬ್ಲೂ ಹಣ್ಣೂ ಅಕ್ಕಪಕ್ಕದಲ್ಲಿ ಮಾರಾಟವಾದರೂ ಎರಡರ ನಡುವೆ ಒಂದು ಸಾಗರದಷ್ಟು ವಂಶಾಂತರವಿದೆ: ಒಂದು ಮೆಡಿಟರೇನಿಯನ್ ಮೂಲದ್ದು, ಇನ್ನೊಂದರಲ್ಲಿ ಅಮೆರಿಕದ ಕಾಡಿನ ರಕ್ತವಿದೆ.

ಮಸ್ಕಟ್ಟಿನ ಘಮವನ್ನು ಕನ್ನಡ ನೆಲದ ಬಳ್ಳಿಗೆ ಕಸಿಮಾಡುವ ಪ್ರಯತ್ನ ನಡೆದದ್ದು ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿನ ವಿಜ್ಞಾನಿಗಳು ಹೈದರಾಬಾದಿನಲ್ಲಿ ಹೆಸರಾದ, ಹೇರಳ ಫಸಲಿನ ಅನಾಬ್–ಎ–ಶಾಹಿಯನ್ನು, ಹಂಗೇರಿಯ ತಳಿಕಾರ ಯಾನೋಶ್ ಮಾಟಿಯಾಸ್ ಬೆಳೆಸಿದ, ಮಸ್ಕಟ್ ಘಮದ ‘ಕ್ವೀನ್ ಆಫ್ ದಿ ವೈನ್‌ಯಾರ್ಡ್ಸ್’ ತಳಿಯೊಡನೆ ಸಂಕರ ಮಾಡಿ ಅರ್ಕಾ ಕಾಂಚನ್, ಅರ್ಕಾ ಸೋಮ ಎಂಬ ಎರಡು ತಳಿಗಳನ್ನು ಪಡೆದರು. ಎರಡರಲ್ಲಿಯೂ ಮಸ್ಕಟ್ಟಿನ ಘಮವಿದೆ; ಹಸಿರು–ಹಳದಿ ಕಾಳಿನ ಅರ್ಕಾ ಸೋಮವನ್ನು ಊಟದ ಕೊನೆಗೆ ಕುಡಿಯುವ ಬಿಳಿ ಸಿಹಿ ವೈನಿಗೆ ತಕ್ಕುದೆಂದೇ ಸಂಸ್ಥೆ ಶಿಫಾರಸು ಮಾಡಿತು. ಬೆಂಗಳೂರು ಬ್ಲೂ ತಳಿಯ ಗಟ್ಟಿತನವನ್ನು ಉಳಿಸಿಕೊಂಡು ಕಾಡುವಾಸನೆಯನ್ನು ತಗ್ಗಿಸುವ ಉದ್ದೇಶದ ಸಂಕರಗಳೂ ಇದೇ ಕಾರ್ಯಕ್ರಮದಲ್ಲಿ ನಡೆದವು. ಬ್ಲೂ ಮತ್ತು ಬ್ಲ್ಯಾಕ್ ಚಂಪಾಗಳಿಂದ ಅರ್ಕಾ ಶ್ಯಾಮ್, ಬ್ಲೂ ಮತ್ತು ಅನಾಬ್–ಎ–ಶಾಹಿಯಿಂದ ಅರ್ಕಾ ಹಂಸ್ ಹೊರಬಂದವು.

ತಳಿ ಸಿದ್ಧವಾದ ಮಾತ್ರಕ್ಕೆ ತೋಟ ಸಿದ್ಧವಾಗಲಿಲ್ಲ. ಅದೇ ದಶಕಗಳಲ್ಲಿ ಉತ್ತರ ಕರ್ನಾಟಕದ ವಿಜಯಪುರ ಮತ್ತು ಬಾಗಲಕೋಟೆಯ ರೈತರು ಬೀಜವಿಲ್ಲದ ಥಾಂಪ್ಸನ್ ದ್ರಾಕ್ಷಿಗೂ ಅದರಿಂದ ಆರಿಸಿದ ತಾಸ್–ಎ–ಗಣೇಶ್, ಸೋನಾಕಾ ಮುಂತಾದವಕ್ಕೂ ಹೊರಳಿದರು. ಉಪ್ಪಿನ ನೆಲವನ್ನೂ ಬರವನ್ನೂ ತಾಳುವ ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟುವುದು ರೂಢಿಯಾಯಿತು, ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಗೊಂಚಲನ್ನು ಅದ್ದಿ ನೆರಳಿನಲ್ಲಿ ಬಲೆಗಳ ಮೇಲೆ ಒಣಗಿಸುವ ಮನೂಕದ ಉದ್ಯಮ ಬೆಳೆಯಿತು. ಮಾರಲಾಗದ ಹಣ್ಣನ್ನು ಒಣಗಿಸಿ ತಿಂಗಳುಗಟ್ಟಲೆ ಕಾಯ್ದಿಡಬಹುದೆಂಬ ಭದ್ರತೆಯ ಮುಂದೆ, ಬೀಜವುಳ್ಳ, ವೈನಿಗೆಂದೇ ಬೆಳೆಯಬೇಕಾದ ಘಮದ ತಳಿ ರೈತನಿಗೆ ಅಪಾಯದ ಬಾಬತ್ತಾಗಿ ಕಂಡಿತು.

ನೀತಿ ಮತ್ತು ಕಣಿವೆಗಳು

ಮದ್ಯದ ಬಳಕೆಯನ್ನು ತಗ್ಗಿಸಬೇಕೆಂಬ ಸಂವಿಧಾನದ 47ನೆಯ ವಿಧಿಯ ಆಶಯದ ನಡುವೆಯೇ ವೈನನ್ನು ಕೃಷಿಯ ಉತ್ಪನ್ನವಾಗಿ ಕಾಣುವ ದೃಷ್ಟಿ ಕರ್ನಾಟಕದಲ್ಲಿ ಮೆಲ್ಲಗೆ ಬೆಳೆಯಿತು. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ, ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ಲರ ನೆರವಿನಿಂದ ಫ್ರೆಂಚ್ ತಳಿಗಳ ತೋಟವನ್ನು ನೆಲೆಗೊಳಿಸಿದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ಅದರ ಜಾರಿಗೆ ವೈನ್ ಮಂಡಳಿಯನ್ನು ರಚಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ, ಹಂಪಿ ಬೆಟ್ಟಸಾಲುಗಳ ಜೊತೆಗೆ ಕಾವೇರಿ ಕಣಿವೆಯೂ ವೈನ್ ದ್ರಾಕ್ಷಿಯ ವಲಯವೆಂದು ಹೆಸರಿಸಲ್ಪಟ್ಟಿತು. ಶತಮಾನಗಳ ಕಾಲ ಭತ್ತ–ಬಾಳೆಗಳಿಗೆ ಮೀಸಲಾಗಿದ್ದ ಹೊಳೆಯ ಹೆಸರು ದ್ರಾಕ್ಷಿಯ ನಕ್ಷೆಯಲ್ಲಿ ಸೇರಿದ್ದು ಹೀಗೆ. ಹೊಸ ತೋಟಗಳು ಆರಿಸಿಕೊಂಡದ್ದು ಮಾತ್ರ ಹೆಚ್ಚಾಗಿ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಸೊವಿನ್ಯೋನ್ ಬ್ಲಾಂ ಮುಂತಾದ, ಜಗತ್ತಿನ ಮಾರುಕಟ್ಟೆ ಗುರುತಿಸುವ ಒಣ, ಎಂದರೆ ಸಿಹಿ ಉಳಿಯದ, ವೈನಿನ ತಳಿಗಳನ್ನು; ಸಿಹಿ ವೈನಿನ ಬೇಡಿಕೆಯನ್ನು ಬೆಂಗಳೂರು ಬ್ಲೂ ಮತ್ತು ಸಕ್ಕರೆ ಪೂರೈಸುತ್ತ ಬಂದಿವೆ.

ಈ ಚರಿತ್ರೆಯಲ್ಲಿ ಮಸ್ಕಟ್ ಕುಲಕ್ಕೆ ಆದದ್ದನ್ನು ಸೋಲೆಂದು ಕರೆಯುವುದು ಸರಿಯಾಗಲಾರದು. ಗುಲಾಬಿ ದ್ರಾಕ್ಷಿಯ ಸಂತೆ ಬೆಳೆದಿದೆ, ಹೆಸರಘಟ್ಟದ ಸಂಕರಗಳಲ್ಲಿ ಕುಲದ ಘಮ ಸ್ಥಳೀಯ ಬಳ್ಳಿಯೊಳಗೆ ಇಳಿದಿದೆ. ಕುಲ ಇಲ್ಲಿ ಪಡೆಯದೆ ಉಳಿದದ್ದು ಸಿಹಿ ವೈನಿನ ಪರಂಪರೆಯೊಂದನ್ನು ಮಾತ್ರ. ಆ ಜಾಗ ಅದು ಬರುವ ಮೊದಲೇ ತುಂಬಿತ್ತು. ನಂಜನಗೂಡಿನ ಸೀಮೆಯಲ್ಲಿ ಬೆಲ್ಲ ಮತ್ತು ಒಣದ್ರಾಕ್ಷಿಯ ಅರಿಷ್ಟ ಅದನ್ನು ತುಂಬಿತ್ತು, ಬೆಂಗಳೂರಿನಲ್ಲಿ ರೋಗ ತಾಳುವ ಕಪ್ಪು ದ್ರಾಕ್ಷಿಯೂ ಸಕ್ಕರೆಯೂ ತುಂಬಿದ್ದವು. ಕಾವೇರಿ ಕಣಿವೆಯಲ್ಲಿ ಅರ್ಕಾ ಸೋಮದಂಥ ತಳಿಗೆ ಮುಂದೆ ಸ್ಥಾನ ದೊರೆಯಬೇಕಾದರೆ ಅದರ ಘಮವನ್ನು ಹೊಗಳಿದರೆ ಸಾಲದು. ನಾಲೆಯ ನೀರು ತಲುಪದ ಕೆಂಪು ದಿಣ್ಣೆಯ ನೆಲ, ಅಕ್ಟೋಬರಿನ ಮಳೆಯನ್ನು ತಪ್ಪಿಸುವ ಸವರಿಕೆಯ ಕ್ರಮ, ನಾಟಿಗೆ ಮೊದಲೇ ಹಣ್ಣಿನ ಬೆಲೆಯನ್ನು ಒಪ್ಪಿಕೊಳ್ಳುವ ಕೊಳ್ಳುಗ ಈ ಮೂರೂ ಒಟ್ಟಿಗೆ ಒದಗಬೇಕಾಗುತ್ತದೆ. ಬೆಂಗಳೂರು ಬ್ಲೂ ಒಂದೂವರೆ ಶತಮಾನ ಬಾಳಿದ್ದು ತಕ್ಕ ನೆಲ, ತನ್ನ ಗಟ್ಟಿತನ, ಖಚಿತವಾದ ಸಂತೆ ಅದಕ್ಕೆ ಕೂಡಿ ಬಂದದ್ದರಿಂದಲೇ ಹೊರತು, ಅದಕ್ಕಿಂತ ಸಿಹಿಯಾದ ದ್ರಾಕ್ಷಿ ನಾಡಿಗೆ ತಿಳಿದಿರಲಿಲ್ಲವೆಂಬ ಕಾರಣದಿಂದಲ್ಲ.